ಮಷೀನಲ್ಲಿ ಹುಟ್ಟಿದ ಮ್ಯೂಸಿಕ್ಕನ್ನ ಪ್ಲೇಟಲ್ಲಿ ಯಾಕೆ ಕೂಡಿಡೋದು? (ಜೊತೆಗೆ ಬೂಸ್ಟಿನ ಸಮಸ್ಯೆ)

ಮೂಡಿಗೆರೆ_ತೋಟ

ಎಲ್ರಿಗೂ ನಮಸ್ಕಾರ, ಬಹಳ ದಿನದಿಂದ ಇಲ್ಲಿ ಓದ್ತಾ ಇದೀನಿ, ಬರೀತಿರೋದು ಇದೇ ಮೊದ್ಲು. ಮೂಡಿಗೆರೆ ಹತ್ರ ನಮ್ದು ಸಣ್ಣ ಕಾಫಿ ತೋಟ. ಮುಂಚೆ ಬೆಂಗ್ಳೂರಲ್ಲಿ ಒಂಬತ್ತು ವರ್ಷ ಕೆಲ್ಸ ಮಾಡ್ತಿದ್ದೆ, ಅಲ್ಲಿ ರೂಮಲ್ಲಿ ಜೊತೇಲಿದ್ದವನಿಂದ ಈ ಎಲೆಕ್ಟ್ರಾನಿಕ್ ಮ್ಯೂಸಿಕ್ ಹುಚ್ಚು ಹತ್ತಿದ್ದು, ಅಪ್ಪ ತೀರ್ಕೊಂಡ್ಮೇಲೆ ಊರಿಗೆ ಬಂದೆ, ಹುಚ್ಚೂ ಜೊತೇಲೇ ಬಂತು. ಈಗ ಸುಮಾರು 70 ಪ್ಲೇಟ್ (ಗ್ರಾಮಫೋನ್ ರೆಕಾರ್ಡ್) ಇದಾವೆ, ಹೆಚ್ಚಿನವು ಟೆಕ್ನೋ, ಹೌಸ್ ಅನ್ನೋ ಡ್ಯಾನ್ಸ್ ಮ್ಯೂಸಿಕ್ಕು, ಸ್ವಲ್ಪ ಮೆಲ್ಲಗಿನ ಆಂಬಿಯೆಂಟ್. ಹಳೇ ಅಪ್ಪಟ ಜರ್ಮನ್ನರದ್ದು ಅಂದ್ರೆ ಕ್ರಾಫ್ಟ್‌ವೆರ್ಕ್ ಬ್ಯಾಂಡಿಂದು ಮೂರಿದೆ.

ವಿಷ್ಯ ಏನಂದ್ರೆ ಮೊನ್ನೆ ಭಾವ ಬಂದಿದ್ರು. ಊಟ ಆದ್ಮೇಲೆ ಒಂದು ಪ್ಲೇಟ್ ಹಾಕ್ದೆ, ಅರ್ಧ ಸೈಡ್ ಸುಮ್ನೆ ಕೇಳಿ ಆಮೇಲೆ ಕೇಳಿದ್ರು, ಅಲ್ಲ ಮಾರಾಯ, ಹಳೇ ಸಿನಿಮಾ ಹಾಡಿನ ಪ್ಲೇಟ್ ಇಟ್ಕೊಂಡ್ರೆ ನಂಗೆ ಅರ್ಥ ಆಗುತ್ತೆ, ಆ ಕಾಲದ್ದು ಆ ಕಾಲದ ಹಾಗೇ ಕೇಳ್ಬೇಕು ಅಂತ ಆಸೆ, ಆದ್ರೆ ಇದು ಮಷೀನಲ್ಲೇ ಮಾಡಿದ್ದು, ಫೋನಲ್ಲೂ ಸಿಗುತ್ತೆ, ಅದನ್ನ ಪ್ಲೇಟಿಗೆ ಒತ್ತಿಸಿ, ದೇಶ ದಾಟಿಸಿ ತರಿಸಿ, ಮತ್ತೆ ಸೂಜಿ ಇಟ್ಟು ಕೇಳೋದು ಎಂಥಕ್ಕೆ ಅಂತ. ಅವ್ರು ಹಂಗಿಸೋಕೆ ಕೇಳಿದ್ದಲ್ಲ, ನಿಜವಾಗ್ಲೂ ತಿಳ್ಕೊಳ್ಳೋಕೆ ಕೇಳಿದ್ದು. ನಂಗೆ ಉತ್ತರ ಹೊಳೀಲಿಲ್ಲ. ನಾಲ್ಕು ದಿನದಿಂದ ತೋಟದಲ್ಲಿ ಓಡಾಡ್ತಾ ಅದೇ ಯೋಚ್ನೆ.

ನಂಗೆ ಗೊತ್ತಿರೋದು ಇಷ್ಟೇ. ಕ್ರಾಫ್ಟ್‌ವೆರ್ಕ್‌ನ 1974ರ ಆಟೋಬಾನ್ ಪ್ಲೇಟಿನ ಮೊದಲ್ನೇ ಸೈಡಲ್ಲಿ ಒಂದೇ ಟ್ರ್ಯಾಕು, 22 ನಿಮಿಷಕ್ಕೂ ಹೆಚ್ಚು. ಮಳೆಗಾಲದ ರಾತ್ರಿ ಹಂಚಿನ ಮೇಲೆ ಮಳೆ ಹೊಯ್ತಿರುತ್ತೆ, ಅದ್ರ ಕೆಳಗೆ ಈ ಮಷೀನಿನ ತಾಳ ಒಂದೇ ಸಮ ಹೋಗ್ತಿರುತ್ತೆ, ಫೋನ್ ಒಳಗಡೆ ರೂಮಲ್ಲಿರುತ್ತೆ, ಸೈಡ್ ಮುಗಿಯೋವರ್ಗೂ ಎಲ್ಲಿಗೂ ಏಳಲ್ಲ. ಇದೇ ಟ್ರ್ಯಾಕನ್ನ ಫೋನಲ್ಲಿ ಒಂದು ಸಲವೂ ಪೂರ್ತಿ ಕೇಳಿಲ್ಲ ನಾನು. ಆದ್ರೆ ಇದು ನನ್ನ ಅಭ್ಯಾಸದ ಮಾತಾಯ್ತು, ಭಾವ ಕೇಳಿದ್ದಕ್ಕೆ ಉತ್ತರ ಆಗ್ಲಿಲ್ಲ.

ಎರಡ್ನೇದು ಬೂಸ್ಟು. ಹೋದ ಆಗಸ್ಟಲ್ಲಿ ಬೀರು ತೆಗ್ದು ನೋಡಿದ್ರೆ ಹನ್ನೆರಡು ಕವರ್ ಮೇಲೆ ಬಿಳೀ ಚುಕ್ಕೆ, ಎರಡು ಪ್ಲೇಟಿನ ಮೇಲೆ ಜೇಡರಬಲೆ ಥರ ಹಬ್ಬಿದೆ, ವಾಸನೆ ಬೇರೆ. ಎದೆ ಒಡ್ದುಹೋಯ್ತು. ಮಲ್ನಾಡಲ್ಲಿ ಪ್ಲೇಟ್ ಇಟ್ಕೊಂಡಿರೋರು ಏನ್ ಮಾಡ್ತೀರ ದಯವಿಟ್ಟು ಹೇಳಿ.

ರೇಡಿಯೋ_ರಿಪೇರಿ_ಹಾಸನ

ತಮ್ಮಾ, ನಿಮ್ಮ ಭಾವನ ಪ್ರಶ್ನೆ ಬಹಳ ಒಳ್ಳೇದು. ನಾನು ಹಾಸನದಲ್ಲಿ ಮೂವತ್ತು ವರ್ಷದಿಂದ ರೇಡಿಯೋ, ಆಂಪ್ಲಿಫೈಯರ್, ಪ್ಲೇಯರ್ ರಿಪೇರಿ ಮಾಡ್ತಿದೀನಿ, ಮೊದ್ಲು ನಂಗೂ ಹಂಗೇ ಅನ್ನಿಸಿತ್ತು. ಒಬ್ಬ ಹುಡ್ಗ ಪ್ಲೇಯರ್ ರಿಪೇರಿಗೆ ತಂದಾಗ ಟೆಸ್ಟಿಗೆ ಅಂತ ಅವನದ್ದೇ ಟೆಕ್ನೋ ಪ್ಲೇಟ್ ಕೊಟ್ಟ, ಅದನ್ನ ಬೆಳಕಿಗೆ ಹಿಡಿದು ನೋಡ್ದಾಗ ಅರ್ಥ ಆಗಿದ್ದು. ನೀವೂ ಟಾರ್ಚ್ ಓರೆಯಾಗಿ ಬಿಟ್ಟು ನೋಡಿ. ಸಿನಿಮಾ ಹಾಡಿನ ಪ್ಲೇಟಲ್ಲಿ ಗೆರೆಗಳು ಒತ್ತೊತ್ತಾಗಿ ಕೂದ್ಲಿನ ಹಂಗೆ ಇರ್ತವೆ. ಈ ಡ್ಯಾನ್ಸ್ ಪ್ಲೇಟಲ್ಲಿ ಗೆರೆ ಗೆರೆ ಮಧ್ಯ ಜಾಗ ಬಿಟ್ಟಿರ್ತಾರೆ, ಬೇಸ್ ಬಡಿಯೋ ಕಡೆ ಗೆರೆ ಹಾವಿನ ಹಂಗೆ ಆ ಕಡೆ ಈ ಕಡೆ ಬಳುಕೋದು ಬರಿಗಣ್ಣಿಗೇ ಕಾಣುತ್ತೆ. ಬೇಸ್ ಜೋರಾದಷ್ಟೂ ಬಳುಕು ದೊಡ್ಡದು, ಬಳುಕು ದೊಡ್ಡದಾದಷ್ಟೂ ಜಾಗ ಬೇಕು. ಅದಕ್ಕೇ ಹನ್ನೆರಡಿಂಚಿನ ಪ್ಲೇಟಲ್ಲಿ ಒಂದು ಸೈಡಿಗೆ ಒಂದೋ ಎರಡೋ ಟ್ರ್ಯಾಕ್ ಅಷ್ಟೇ ಹಾಕೋದು.

ಹನ್ನೆರಡಿಂಚಿನ ಸಿಂಗಲ್ ಅನ್ನೋ ಐಟಮ್ಮೇ ಡ್ಯಾನ್ಸಿಗೋಸ್ಕರ ಬಂದಿದ್ದು. 1970ರ ದಶಕದ ಮಧ್ಯದಲ್ಲಿ ನ್ಯೂಯಾರ್ಕಲ್ಲಿ ಟಾಮ್ ಮೌಲ್ಟನ್ ಅನ್ನೋ ಮಿಕ್ಸಿಂಗ್ ಮಾಡೋರು ಒಂದು ಹಾಡನ್ನ ಪ್ಲೇಟಿಗೆ ಕೊರೆಸೋಕೆ ಹೋದಾಗ ಏಳಿಂಚಿನ ಖಾಲಿ ಪ್ಲೇಟ್ ಮುಗ್ದಿತ್ತಂತೆ, ಇರೋ ದೊಡ್ಡದ್ರಲ್ಲೇ ಗೆರೆ ಅಗಲ ಬಿಟ್ಟು ಕೊರೆಸಿದ್ರು, ಕೇಳಿದ್ರೆ ಸೌಂಡ್ ಅಷ್ಟು ಜೋರಾಗಿ ಬಂದಿತ್ತು. ಮುಂದೆ ಹೌಸು, ಟೆಕ್ನೋ ಎಲ್ಲ ಅದರ ಮೇಲೇ ಬೆಳೆದಿದ್ದು. ಹಾಗಾಗಿ ಇದು ಮೊದ್ಲು ಫೈಲಾಗಿದ್ದು ಆಮೇಲೆ ಪ್ಲೇಟಾಗಿದ್ದಲ್ಲ, ಪ್ಲೇಟಿಗೇ ಅಂತ ಮಾಡಿದ ಮ್ಯೂಸಿಕ್ಕು, ಫೈಲ್ ಆಮೇಲೆ ಬಂತು.

ಇನ್ನೊಂದು ಲೆಕ್ಕ ಹೇಳ್ತೀನಿ, ಪೆನ್ನು ಪೇಪರ್ ತಗೊಳ್ಳಿ. ಪ್ಲೇಟ್ ನಿಮಿಷಕ್ಕೆ 33⅓ ಸುತ್ತು. ಅಂದ್ರೆ ಒಂದು ಸುತ್ತಿಗೆ ಸರಿಯಾಗಿ 1.8 ಸೆಕೆಂಡ್. ಆ 1.8 ಸೆಕೆಂಡಲ್ಲಿ ನಾಲ್ಕು ಬಡಿತ ಕೂರ್ಸಿದ್ರೆ ನಿಮಿಷಕ್ಕೆ 133 ಚಿಲ್ಲರೆ ಬಡಿತ ಆಯ್ತು, ಅದು ಟೆಕ್ನೋ ಓಡೋ ಸ್ಪೀಡೇ. ಗೆರೆಯನ್ನ ಒಳಗಡೆಗೆ ಸುತ್ತದೆ ಒಂದೇ ವೃತ್ತಕ್ಕೆ ಮುಚ್ಚಿಬಿಟ್ರೆ ಸೂಜಿ ಅಲ್ಲೇ ಸುತ್ತುತ್ತೆ, ಆ ನಾಲ್ಕು ಬಡಿತ ನೀವು ಎತ್ತೋವರ್ಗೂ ನಿಲ್ಲಲ್ಲ. ಲಾಕ್ಡ್ ಗ್ರೂವ್ ಅಂತಾರೆ. ಅಮೆರಿಕದ ಡೆಟ್ರಾಯ್ಟಿನ ಟೆಕ್ನೋ ಕಲಾವಿದ ಜೆಫ್ ಮಿಲ್ಸ್ 1994ರಲ್ಲಿ ಇಂಥ ಮುಚ್ಚಿದ ಗೆರೆಗಳನ್ನ ಸಾಲಾಗಿ ಹಾಕಿ ಒಂದು ಪ್ಲೇಟ್ ತಂದಿದ್ರು. ಮುಚ್ಚಿದ ಗೆರೆ ಇರೋದು ಪ್ಲೇಟಲ್ಲಿ ಮಾತ್ರ, ಫೈಲಲ್ಲಿ ಅದನ್ನ ರಿಪೀಟ್ ಒತ್ತಬೇಕು ಅಷ್ಟೇ. ನಿಮ್ಮ ಭಾವಂಗೆ ಇದನ್ನ ಹಾಕಿ ತೋರ್ಸಿ.

ಬೂಸ್ಟಿನ ವಿಷ್ಯ ನಮ್ಮ ಹಾಸನದ ಕಡೆ ಅಷ್ಟಿಲ್ಲ, ಬಾಳೆಹೊನ್ನೂರು ಕಡೆಯೋರು ಒಬ್ರಿದಾರೆ ಇಲ್ಲಿ, ಅವ್ರು ಹೇಳ್ತಾರೆ.

ಸಕಲೇಶಪುರ_ಫ್ಲ್ಯಾಕ್

ಬೇಜಾರ್ ಮಾಡ್ಕೋಬೇಡಿ, ನಂದು ಬೇರೆ ಅಭಿಪ್ರಾಯ. ನಾನೂ ಇದೇ ಮ್ಯೂಸಿಕ್ ಕೇಳೋನು, ಹದಿನೈದು ವರ್ಷದಿಂದ. ಪ್ಲೇಟಲ್ಲಿ ಸೌಂಡ್ ಚೆನ್ನಾಗಿರುತ್ತೆ ಅಂತ ಯಾರಾದ್ರೂ ಹೇಳಿದ್ರೆ ನಾನು ಒಪ್ಪಲ್ಲ. ಸಿಡಿಯಲ್ಲಿ ಅತಿ ಮೆತ್ತಗಿನ ಸದ್ದಿಂದ ಅತಿ ಜೋರಿನ ಸದ್ದಿಗೆ 96 ಡೆಸಿಬೆಲ್ ಅಂತರ ಸಿಗುತ್ತೆ, ಪ್ಲೇಟಲ್ಲಿ 70 ಸಿಕ್ಕಿದ್ರೇ ದೊಡ್ಡದು. ಪ್ಲೇಟಲ್ಲಿ ಬೇಸನ್ನ ಎರಡೂ ಕಡೆ ಬೇರೆಬೇರೆ ಹಾಕೋ ಹಾಗಿಲ್ಲ, ಮಧ್ಯಕ್ಕೇ ತರಬೇಕು, ಇಲ್ಲಾಂದ್ರೆ ಸೂಜಿ ಮೇಲಕ್ಕೆ ಕೆಳಕ್ಕೆ ಕುಣಿದು ಹಾರುತ್ತೆ. ಮತ್ತೆ ಹೊರಗಿನ ಸುತ್ತಲ್ಲಿ ಸೂಜಿ ಕೆಳಗೆ ಸೆಕೆಂಡಿಗೆ 50 ಸೆಂಟಿಮೀಟರ್ ಗೆರೆ ಹರಿದ್ರೆ ಲೇಬಲ್ ಹತ್ರ ಬರೋಷ್ಟರಲ್ಲಿ 20 ಅಷ್ಟೇ, ಹಾಗಾಗಿ ಕೊನೇ ಟ್ರ್ಯಾಕಿನ ಹೈಹ್ಯಾಟ್ (ಡ್ರಮ್ ಜೊತೆಗಿರೋ ಲೋಹದ ತಾಳದ ಸದ್ದು) ಒಡೆದ ಹಂಗೆ ಕೇಳುತ್ತೆ. ದುಡ್ಡು ಇದ್ರೆ ಕಲಾವಿದರ ಹತ್ರಾನೇ ಫೈಲ್ ಕೊಂಡ್ಕೊಳ್ಳಿ, ಅವ್ರಿಗೂ ಜಾಸ್ತಿ ಸೇರುತ್ತೆ, ಕೊರಿಯರಲ್ಲಿ ಬಗ್ಗಿ ಬರೋ ತಾಪತ್ರಯಾನೂ ಇಲ್ಲ. ನಮ್ಮ ಮಳೇಲಿ ಹಾರ್ಡ್‌ಡಿಸ್ಕಿಗೆ ಬೂಸ್ಟು ಹಿಡಿಯಲ್ಲ.

ರತ್ನಗಿರಿ_ಬೋರೆ

ಸಕಲೇಶಪುರದವ್ರು ಹೇಳಿದ ಒಂದೊಂದು ಅಂಕಿನೂ ಸರಿ, ನಾನೂ ಒಪ್ತೀನಿ. ನಾನು ಚಿಕ್ಕಮಗಳೂರಲ್ಲಿ ಟೀಚರ್, ಪ್ಲೇಟ್ ಕೂಡಿಸೋಕೆ ಶುರು ಮಾಡಿ ಹನ್ನೆರಡು ವರ್ಷ, ಸೌಂಡಿಗೆ ಅಂತ ಒಂದೂ ತಗೊಂಡಿಲ್ಲ. ಯಾಕೆ ತಗೋತೀನಿ ಅಂತ ಒಂದೇ ಪ್ಲೇಟಿನ ಕಥೆಯಿಂದ ಹೇಳ್ತೀನಿ.

ಚರಣ್‌ಜಿತ್ ಸಿಂಗ್ ಅಂತ, ಬಾಂಬೆ ಸಿನಿಮಾ ಆರ್ಕೆಸ್ಟ್ರಾಗಳಲ್ಲಿ ಗಿಟಾರು ನುಡಿಸ್ತಿದ್ದವ್ರು. 1982ರಲ್ಲಿ ಹತ್ತು ರಾಗಗಳನ್ನ ಡಿಸ್ಕೋ ಬೀಟಿಗೆ ನುಡಿಸಿ ಒಂದು ಎಲ್‌ಪಿ ತಂದ್ರು. ಕೈಲಿದ್ದಿದ್ದು ಮೂರೇ ಮಷೀನು, ರೋಲ್ಯಾಂಡ್ ಕಂಪನಿದು: ತಾಳಕ್ಕೆ ಟಿಆರ್-808, ಬೇಸಿಗೆ ಟಿಬಿ-303, ರಾಗಕ್ಕೆ ಜ್ಯುಪಿಟರ್-8. ಆ 303 ಅನ್ನೋದು ಗಿಟಾರ್ ನುಡಿಸೋರಿಗೆ ಬೇಸ್ ಜೊತೆ ಕೊಡೋಕೆ ಅಂತ ಮಾಡಿದ ಪೆಟ್ಟಿಗೆ, ಆ ಕೆಲ್ಸಕ್ಕೆ ಅದು ಆಗ್ಲಿಲ್ಲ, ಕಂಪನಿ ಮಾಡೋದೇ ನಿಲ್ಲಿಸ್ತು. ಆದ್ರೆ ಅದ್ರಲ್ಲಿ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರಿಸೋ ಗುಂಡಿ ಇತ್ತು. ನಮ್ಮ ಮನುಷ್ಯಂಗೆ ಅದು ಹಿಂದೂಸ್ತಾನಿ ಸಂಗೀತದ ಮೀಂಡ್ ಥರ ಕಾಣಿಸ್ತು! ಐದು ವರ್ಷ ಆದ್ಮೇಲೆ, 1987ರಲ್ಲಿ, ಶಿಕಾಗೋದಲ್ಲಿ ಅದೇ ಪೆಟ್ಟಿಗೆ ತಿರುವಿ ಆಸಿಡ್ ಹೌಸ್ ಅನ್ನೋ ಹೊಸ ಶೈಲಿಯ ಪ್ಲೇಟ್ ಹೊರಗೆ ಬಂತು. ಇವ್ರದ್ದು ಅವ್ರಿಗೆ ಗೊತ್ತಿರ್ಲಿಲ್ಲ, ಅವ್ರದ್ದು ಇವ್ರಿಗೆ ಗೊತ್ತಿರ್ಲಿಲ್ಲ. ಇವ್ರ ಪ್ಲೇಟ್ ಆಗ ಮಾರಾಟ ಆಗ್ದೆ ಮೂಲೆ ಸೇರ್ತು.

ಈಗ ಯೋಚ್ನೆ ಮಾಡಿ, ಆ ಮೂಲೆ ಸೇರಿದ ಪ್ಲೇಟ್ ಎಲ್ಲಾದ್ರೂ ಇತ್ತಲ್ವಾ, ಅದಕ್ಕೇ ಮುಂದೆ ಹಾಲೆಂಡಿನ ಒಬ್ಬ ಪ್ಲೇಟ್ ಹುಡುಕೋನ ಕೈಗೆ ಸಿಕ್ತು, ಆತ ಬಾಂಬೆಗೆ ಬಂದು ಅವ್ರನ್ನ ಹುಡುಕಿ ಮಾತಾಡಿಸಿ 2010ರಲ್ಲಿ ಮತ್ತೆ ಒತ್ತಿಸಿದ. ಚರಣ್‌ಜಿತ್ ಸಿಂಗ್ 2015ರಲ್ಲಿ ತೀರ್ಕೊಂಡ್ರು, ಅಷ್ಟರೊಳಗೆ ಯೂರೋಪಿನ ಸ್ಟೇಜ್ ಮೇಲೆ ಆ ರಾಗಗಳನ್ನ ಮತ್ತೆ ನುಡಿಸಿ ಆಗಿತ್ತು. ಇದು ಯಾರದೋ ಕಂಪ್ಯೂಟರಲ್ಲಿ ಫೈಲಾಗಿದ್ದಿದ್ರೆ, ಆ ಕಂಪ್ಯೂಟರ್ ಕೆಟ್ಟ ದಿನಾನೇ ಮುಗ್ದುಹೋಗ್ತಿತ್ತು. ಪ್ಲೇಟು ಸುಮ್ನೆ ಕೂತಿರುತ್ತೆ, ಕಾಯುತ್ತೆ. ನನ್ನ ಹತ್ರ ಮರುಮುದ್ರಣ ಇದೆ, ಜೂನಲ್ಲಿ ಮೊದಲ ದೊಡ್ಡ ಮಳೆ ಬಿದ್ದ ದಿನ ಮೇಘ್ ಮಲ್ಹಾರ್ ಇರೋ ಸೈಡ್ ಹಾಕ್ತೀನಿ, ಪ್ರತೀ ವರ್ಷ.

ಅಹಮದಾಬಾದಿನ ಎನ್‌ಐಡಿ ಅನ್ನೋ ಡಿಸೈನ್ ಸಂಸ್ಥೆದೂ ಇಂಥದ್ದೇ. 1969ರಲ್ಲಿ ಅಮೆರಿಕದ ಸಂಗೀತಗಾರ ಡೇವಿಡ್ ಟ್ಯೂಡರ್ ಬಂದು ಅಲ್ಲಿ ಮೂಗ್ ಸಿಂಥಸೈಜರ್ (ಕರೆಂಟಿಂದ ಸ್ವರ ಹುಟ್ಟಿಸೋ ಮಷೀನು) ಕೂರಿಸಿಕೊಟ್ರು, ಗೀತಾ ಸಾರಾಭಾಯಿ ಮುಂತಾದವ್ರು ಅದರ ಮೇಲೆ ಮಾಡಿದ್ದು ಟೇಪಲ್ಲೇ ಉಳಿದಿತ್ತು, 2023ರಲ್ಲಿ ಪ್ಲೇಟಾಗಿ ಬಂತು. ನಮ್ಮ ದೇಶದಲ್ಲಿ ಐವತ್ತು ವರ್ಷದ ಹಿಂದೆ ಒಂದು ಹೆಣ್ಣುಮಗಳು ಇದನ್ನ ಮಾಡಿದಾರೆ ಅಂತ ನಮ್ಮ ಶಾಲೆ ಮಕ್ಕಳಿಗೆ ಕವರ್ ತೋರ್ಸಿ ಹೇಳೋಕಾಗುತ್ತೆ, ಅದೇ ನಂಗೆ ದೊಡ್ಡದು.

ಇನ್ನೊಂದು ಸಣ್ಣ ವಿಷ್ಯ. ಲೇಬಲ್ ಸುತ್ತ ಗೆರೆ ಇಲ್ದಿರೋ ಖಾಲಿ ಜಾಗ ಇದ್ಯಲ್ಲ, ಅಲ್ಲಿ ಕೈಯಲ್ಲಿ ಗೀಚಿದ ನಂಬರ್ ಇರುತ್ತೆ. ಕೆಲವ್ರು ನಂಬರ್ ಜೊತೆ ಒಂದು ಮಾತೂ ಗೀಚಿರ್ತಾರೆ, ಬೆಳಕಲ್ಲಿ ತಿರುಗಿಸಿದ್ರೆ ಮಾತ್ರ ಕಾಣೋದು. ಡೆಟ್ರಾಯ್ಟ್ ಪ್ಲೇಟ್ ಇದ್ರೆ ನೋಡಿ, ಅಲ್ಲಿಯೋರು ಬಹಳ ಜನ ಹಾಗೆ ಬರೆದಿದಾರೆ. ಕೊಳ್ಳೋ ಮುಂಚೆ ಆ ನಂಬರನ್ನ ಡಿಸ್ಕಾಗ್ಸ್ ಅನ್ನೋ ವೆಬ್‌ಸೈಟಲ್ಲಿ ಹೊಂದಿಸಿ ನೋಡಿ, ಯಾವ ವರ್ಷದ ಒತ್ತು ಅಂತ ತಿಳಿಯುತ್ತೆ. ಆ ಸೈಟೂ 2000ದಲ್ಲಿ ಶುರುವಾದಾಗ ಎಲೆಕ್ಟ್ರಾನಿಕ್ ಪ್ಲೇಟುಗಳ ಪಟ್ಟಿಗೆ ಅಂತಾನೇ ಶುರುವಾಗಿದ್ದು, ಉಳಿದ ಸಂಗೀತ ಎಲ್ಲ ಆಮೇಲೆ ಸೇರಿದ್ದು.

ಬಾಳೆಹೊನ್ನೂರು_ಹಳೇಪ್ಲೇಟು

ನಂಗೆ ಈ ಟೆಕ್ನೋ ಗೀಕ್ನೋ ಗೊತ್ತಿಲ್ಲಪ್ಪ, ನಂದೆಲ್ಲ ಕನ್ನಡ ಸಿನಿಮಾ ಪ್ಲೇಟು, ರಾಜನ್-ನಾಗೇಂದ್ರ, ಜಿ.ಕೆ. ವೆಂಕಟೇಶ್, ವಿಜಯಭಾಸ್ಕರ್, ಒಂದು ಆರುನೂರು ಇರ್ಬೋದು. ಆದ್ರೆ ಬೂಸ್ಟು ಯಾವ ಸಂಗೀತ ಅಂತ ನೋಡಲ್ಲ, ಎಲ್ಲದಕ್ಕೂ ಹಿಡಿಯುತ್ತೆ. ನಲವತ್ತು ಮಳೆಗಾಲ ದಾಟ್ಸಿದೀನಿ, ಹೇಳ್ತೀನಿ ಕೇಳಿ.

ಮೊದ್ಲು ಒಂದು ಸಮಾಧಾನ, ಬೂಸ್ಟು ಪ್ಲೇಟಿನ ಪ್ಲಾಸ್ಟಿಕ್ ತಿನ್ನೋದು ಕಮ್ಮಿ, ಅದು ಬದುಕೋದು ಪೇಪರ್ ಮೇಲೆ, ಅಂಟಿನ ಮೇಲೆ, ನಮ್ಮ ಬೆರಳಿನ ಜಿಡ್ಡಿನ ಮೇಲೆ. ಹಾಗಾಗಿ ಒಳಗಿನ ಪೇಪರ್ ಕವರ್ ಎಸೀರಿ, ಒಳ್ಳೇ ಪ್ಲಾಸ್ಟಿಕ್ ಒಳಕವರ್ ಹಾಕಿ. ಪ್ಲೇಟನ್ನ ಅಂಚು ಮತ್ತು ಲೇಬಲ್ ಹಿಡಿದೇ ಎತ್ತಬೇಕು, ಗೆರೆ ಮೇಲೆ ಬೆರಳು ಬೀಳ್ಲೇಬಾರದು. ಬೀರು ಗೋಡೆಗೆ ಅಂಟಿಸ್ಬೇಡಿ, ಒಂದು ಗೇಣು ಮುಂದೆ ಎಳೀರಿ, ಕಾಲಿಗೆ ಇಟ್ಟಿಗೆ ಕೊಡಿ. ಬೀರುವಿನ ತಳದಲ್ಲಿ ಹಳೇ ಥರದ ತಂತಿ ಬಲ್ಬು, 15 ವ್ಯಾಟ್‌ದು ಸಾಕು, ಪ್ಲೇಟಿಂದ ದೂರ ಇರೋ ಹಾಗೆ ಜೂನಿಂದ ಸೆಪ್ಟೆಂಬರ್‌ವರ್ಗೂ ಉರಿಸಿ. ಎಲ್‌ಇಡಿ ಹಾಕಿದ್ರೆ ಪ್ರಯೋಜ್ನ ಇಲ್ಲ, ಬೇಕಾಗಿರೋದು ಬೆಳಕಲ್ಲ, ಬಿಸಿ. ನಮ್ಮನೇಲಿ ಹಾರ್ಮೋನಿಯಂ ಕಾಪಾಡಿದ್ದೂ ಹೀಗೇ. ಪ್ಲೇಟನ್ನ ನೆಟ್ಟಗೆ ನಿಲ್ಲಿಸಿ, ಒಂದರ ಮೇಲೊಂದು ಪೇರಿಸ್ಬೇಡಿ.

ತೊಳೆಯೋಕೆ ಡಿಸ್ಟಿಲ್ಡ್ ನೀರು, ಬ್ಯಾಟರಿಗೆ ಹಾಕೋದು ಪೆಟ್ರೋಲ್ ಬಂಕಲ್ಲಿ ಸಿಗುತ್ತಲ್ಲ ಅದು. ನಾಲ್ಕು ಪಾಲು ನೀರಿಗೆ ಒಂದು ಪಾಲು ಐಸೋಪ್ರೊಪೈಲ್ ಸ್ಪಿರಿಟ್, ಒಂದೇ ಒಂದು ತೊಟ್ಟು ಪಾತ್ರೆ ತೊಳೆಯೋ ಲಿಕ್ವಿಡ್. ಮೆತ್ತನೆ ಬ್ರಷ್ಷಲ್ಲಿ ಗೆರೆ ಹೋದ ದಿಕ್ಕಿಗೇ ಸುತ್ತ ಸವರಿ, ಆಮೇಲೆ ಬರೀ ನೀರಲ್ಲಿ ಇನ್ನೊಂದ್ಸಲ, ಲೇಬಲ್ ಒದ್ದೆ ಆಗ್ಬಾರ್ದು. ಯಾರ ಹತ್ರಾದ್ರೂ ನಿಮಿಷಕ್ಕೆ 78 ಸುತ್ತು ತಿರುಗೋ ಹಳೇ ಅರಗಿನ ಪ್ಲೇಟ್ ಇದ್ರೆ ಅದಕ್ಕೆ ಮಾತ್ರ ಈ ಸ್ಪಿರಿಟ್ ಮುಟ್ಟಿಸ್ಲೇಬೇಡಿ, ಅರಗು ಕರಗಿಹೋಗುತ್ತೆ.

ಕೊನೇದು. ಒದ್ದೆ ಪ್ಲೇಟನ್ನ ಬಚ್ಚಲೊಲೆ ಹತ್ರ ಒಣಗಿಸೋಕೆ ಇಡ್ಬೇಡಿ. ನಾನು 1991ರಲ್ಲಿ ಮೂರು ಪ್ಲೇಟ್ ಹಾಗೆ ಇಟ್ಟು, ಸಂಜೆ ನೋಡಿದ್ರೆ ಹಪ್ಪಳ ಆಗಿದ್ವು. ಅದ್ರಲ್ಲಿ ಒಂದು ನನ್ನ ಅಕ್ಕನ ಮದುವೇಲಿ ಹಾಕಿದ್ದ ಪ್ಲೇಟು, ಇವತ್ತಿನವರ್ಗೂ ಇನ್ನೊಂದು ಸಿಕ್ಕಿಲ್ಲ.

ಸಕಲೇಶಪುರ_ಫ್ಲ್ಯಾಕ್

ರತ್ನಗಿರಿ ಮೇಡಂ, ಚರಣ್‌ಜಿತ್ ಸಿಂಗ್ ಅವ್ರದ್ದು ನಾನು ಬಹಳ ಸಲ ಕೇಳಿದೀನಿ ಆದ್ರೆ ಅದು ಪ್ಲೇಟಿಂದ ಸಿಕ್ಕಿದ್ದು ಅನ್ನೋದನ್ನ ಯೋಚ್ನೆ ಮಾಡಿರ್ಲಿಲ್ಲ. ಸೌಂಡಿನ ಮಾತು ವಾಪಸ್ ತಗೊಳ್ಳಲ್ಲ. ಆದ್ರೆ ನಾನು ಹದಿನೈದು ವರ್ಷದಲ್ಲಿ ಎರಡು ಹಾರ್ಡ್‌ಡಿಸ್ಕ್ ಕಳ್ಕೊಂಡಿರೋದೂ ನಿಜ, ಅದ್ರಲ್ಲಿ ಏನೇನಿತ್ತು ಅಂತ ಪಟ್ಟಿ ಕೂಡ ಉಳಿದಿಲ್ಲ.

ಮೂಡಿಗೆರೆ_ತೋಟ

ಎಲ್ರಿಗೂ ಬಹಳ ಬಹಳ ಥ್ಯಾಂಕ್ಸ್, ಮೂರು ವಾರ ಆಯ್ತು ಬರೆಯೋಕೆ ತಡ ಆಯ್ತು, ತೋಟದಲ್ಲಿ ಚಿಗುರು ತೆಗೆಯೋ ಕೆಲ್ಸ ನಡೀತಿತ್ತು. ಬಾಳೆಹೊನ್ನೂರು ಸರ್ ಹೇಳಿದ ಹಾಗೆ ಹನ್ನೆರಡೂ ಕವರ್ ಒರೆಸಿ ಬಿಸಿಲಿಲ್ಲದ ಗಾಳೀಲಿ ಒಣಗಿಸ್ದೆ, ಎರಡು ಪ್ಲೇಟ್ ತೊಳ್ದೆ. ಒಂದು ಪೂರ್ತಿ ಸರಿ ಹೋಯ್ತು. ಇನ್ನೊಂದ್ರಲ್ಲಿ ಎರಡ್ನೇ ಸೈಡಿನ ಮೊದಲ್ನೇ ನಿಮಿಷ ಚಟಪಟ ಉಳಿದಿದೆ, ಇರ್ಲಿ. ಬಲ್ಬ್ ಹಾಕಿದೀನಿ, ಮೂಡಿಗೆರೇಲಿ ತಂತಿ ಬಲ್ಬ್ ಸಿಗೋಕೆ ನಾಲ್ಕು ಅಂಗಡಿ ಸುತ್ತಬೇಕಾಯ್ತು.

ರೇಡಿಯೋ ಅಣ್ಣ, ಟಾರ್ಚ್ ಬಿಟ್ಟು ನೋಡ್ದೆ. ಹದಿನೈದು ನಿಮಿಷ ಹಾಗೇ ಕೂತಿದ್ದೆ. ಒಂದು ಟ್ರ್ಯಾಕಲ್ಲಿ ಮಧ್ಯ ಬೇಸ್ ನಿಂತು ಬರೀ ಮೆಲ್ಲಗೆ ಒಂದು ಸ್ವರ ಮಾತ್ರ ಇರುತ್ತೆ, ಅಲ್ಲಿ ಗೆರೆಗಳು ಒಂದು ಬೆರಳಿನಷ್ಟು ಅಗಲ ಕಪ್ಪಗೆ ನುಣ್ಣಗೆ ಪಟ್ಟಿ ಥರ ಕಾಣುತ್ತೆ, ಆಮೇಲೆ ಬೇಸ್ ವಾಪಸ್ ಬರೋ ಕಡೆ ಮತ್ತೆ ಬೆಳ್ಳಗೆ ತರಿತರಿ. ನನ್ನ ಹೆಂಡ್ತೀನ ಕರೆದು ತೋರಿಸಿದೆ, ಇಲ್ಲಿ ನಿಲ್ಲುತ್ತೆ ನೋಡು ಅಂತ ಬೆರಳಿಟ್ಟೆ, ಸೂಜಿ ಅಲ್ಲಿಗೆ ಬಂದಾಗ ಬೇಸ್ ನಿಂತಿತು. ಅವಳು ಅವತ್ತಿಂದ ಪ್ಲೇಟ್ ಹಾಕೋ ಮುಂಚೆ ತಾನೇ ಬೆಳಕಿಗೆ ಹಿಡಿದು ನೋಡ್ತಾಳೆ.

ಭಾವ ಹೋದ ಭಾನುವಾರ ಬಂದಿದ್ರು. 1.8 ಸೆಕೆಂಡಿನ ಲೆಕ್ಕ ಹೇಳ್ದೆ, ಅವ್ರು ಮಿಲ್ಲಲ್ಲಿ ಕೆಲ್ಸ ಮಾಡಿದವ್ರು, ಕೂಡ್ಲೇ ವಾಚ್ ನೋಡ್ಕೊಂಡು ಲೇಬಲ್ ಮೇಲೆ ಒಂದು ಗುರುತು ಹಿಡಿದು ಸುತ್ತು ಎಣಿಸೋಕೆ ಶುರು ಮಾಡಿದ್ರು. ಒಂದು ನಿಮಿಷಕ್ಕೆ 34 ಸುತ್ತು ಬಂತು, ನಿನ್ನ ಮಷೀನ್ ಸ್ವಲ್ಪ ಜೋರು ಓಡ್ತಿದೆ ಅಂದ್ರು! ನಿಜಾನಾ ಅಣ್ಣ? ನಂದು ಬೆಲ್ಟ್ ಡ್ರೈವ್, ಇನ್ವರ್ಟರ್ ಮೇಲೆ ಓಡಿಸ್ತೀನಿ, ನಮ್ಮಲ್ಲಿ ಕರೆಂಟ್ ನಂಬೋ ಹಾಗಿಲ್ಲ. ಜೊತೆಗೆ ಗುಂಯ್ ಅಂತ ಒಂದು ಸದ್ದೂ ಇದೆ ಮೊದ್ಲಿಂದ.

ರೇಡಿಯೋ_ರಿಪೇರಿ_ಹಾಸನ

ನಿಮ್ಮ ಭಾವನ ಕಣ್ಣು ಸರಿಯಾಗಿದೆ. 33⅓ ಬರಬೇಕಾದ ಕಡೆ 34 ಅಂದ್ರೆ ನೂರಕ್ಕೆ ಎರಡು ಜೋರು, ಶ್ರುತಿ ಏರಿರುತ್ತೆ. ಹಳೇ ಇನ್ವರ್ಟರ್ ಕೊಡೋ ಕರೆಂಟಿನ ಅಲೆ ಚೌಕ ಇರುತ್ತೆ, ಕೆಲವು ಮೋಟಾರಿಗೆ ಅದು ಒಗ್ಗಲ್ಲ, ಸ್ಪೀಡೂ ತಪ್ಪುತ್ತೆ, ಗುಂಯ್ ಅನ್ನೋದೂ ಬರುತ್ತೆ. ಮೊದ್ಲು ನೇರ ಲೈನಿಗೆ ಹಾಕಿ ಇನ್ನೊಂದ್ಸಲ ಎಣಿಸಿ ನೋಡಿ. ಪ್ಲೇಯರಿನಿಂದ ಬರೋ ತೆಳ್ಳನೆ ಅರ್ತ್ ತಂತಿ ಆಂಪ್ಲಿಫೈಯರ್ ಹಿಂದಿನ ಸ್ಕ್ರೂಗೆ ಕಟ್ಟಿದೀರಾ ನೋಡಿ, ಸೂಜಿಯಿಂದ ಬರೋದು ಐದು ಮಿಲಿವೋಲ್ಟ್ ಅಷ್ಟೇ, ಆ ತಂತಿ ಬಿಟ್ಟಿದ್ರೆ ಮನೆ ಕರೆಂಟಿನ ಸದ್ದೆಲ್ಲ ಅದರೊಳಗೆ ಸೇರ್ಕೊಳ್ಳುತ್ತೆ.

ಎರಡೂ ಮಾಡಿ ಹೋಗ್ಲಿಲ್ಲ ಅಂದ್ರೆ ಹಾಸನಕ್ಕೆ ತನ್ನಿ, ಭಾನುವಾರ ಹನ್ನೊಂದರ ಮೇಲೆ ಅಂಗಡೀಲಿ ಇರ್ತೀನಿ. ಹೊರಡೋ ಮುಂಚೆ ಬೆಲ್ಟ್ ಬಿಚ್ಚಿ, ಮೇಲಿನ ತಟ್ಟೆ ಎತ್ತಿ ಬೇರೆ ಬಟ್ಟೇಲಿ ಸುತ್ತಿ, ಸೂಜಿಗೆ ಮುಚ್ಚಳ ಹಾಕಿ ತೋಳನ್ನ ದಾರದಲ್ಲಿ ಕಟ್ಟಿ. ಬೇಲೂರು ರೋಡಲ್ಲಿ ಹಂಪ್ ಜಾಸ್ತಿ. ಭಾವನ್ನೂ ಕರ್ಕೊಂಡ್ ಬನ್ನಿ.